ಅಕಾಲದಲ್ಲಿ ಸೊರಗುವ ಅಂಡಾಶಯ
(ಸಟಾಣಾದ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕೇಂದ್ರ ಸರಕಾರದ ಕಡತಗಳ ನಡುವೆ ಬಾಳು ಸವೆಸಿದ ನಾನು ವೈದ್ಯನಲ್ಲ. ಆದರೂ ನಮ್ಮ ಮನೆಗಳಲ್ಲಿ ಪಿಸುಮಾತಾಗಿಯೇ ಉಳಿದಿರುವ ಒಂದು ವಿಷಯವನ್ನು ಇಂದು ಗಟ್ಟಿಯಾಗಿ ಹೇಳಬಯಸುತ್ತೇನೆ. 40 ತುಂಬುವ ಮೊದಲೇ ಅಂಡಾಶಯದ ಕಾರ್ಯ ಕುಂದುವುದು ಒಂದು ರೋಗಸ್ಥಿತಿ. ಅದು ಪೂರ್ವಜನ್ಮದ ಪಾಪವೂ ಅಲ್ಲ, ಬೇಗ ಬಂದ ಮುಪ್ಪೂ ಅಲ್ಲ.

ಹೆಣ್ಣುಮಗು ತನ್ನ ಪಾಲಿನ ಅಂಡಾಣುಗಳನ್ನೆಲ್ಲ ಹುಟ್ಟುವಾಗಲೇ ಹೊತ್ತು ತರುತ್ತದೆ. ಸುಮಾರು 10ರಿಂದ 20 ಲಕ್ಷ. ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷ ಉಳಿದಿರುತ್ತವೆ. ಈ ಖಾತೆಯಲ್ಲಿ ಜಮೆಯೆಂಬುದಿಲ್ಲ, ಖರ್ಚು ಮಾತ್ರ. ಭಾರತದಲ್ಲಿ ಅದು ಸರಾಸರಿ 46-47ನೆಯ ವಯಸ್ಸಿಗೆ ಬರಿದಾಗುತ್ತದೆ. ನೂರರಲ್ಲಿ ಮೂರು-ನಾಲ್ಕು ಸ್ತ್ರೀಯರಲ್ಲಿ 40ಕ್ಕಿಂತ ಮೊದಲೇ ಅಂಡಾಶಯ ಸೊರಗುತ್ತದೆ. ವರ್ಣತಂತುಗಳ ದೋಷ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಅಂಗದ ಮೇಲೆಯೇ ತಿರುಗಿಬೀಳುವುದು, ಕ್ಯಾನ್ಸರ್ ಚಿಕಿತ್ಸೆ, ಶಸ್ತ್ರಕ್ರಿಯೆ ಇವು ತಿಳಿದ ಕಾರಣಗಳು. ಬಹಳಷ್ಟು ಮಂದಿಯಲ್ಲಿ ಕಾರಣವೇ ಸಿಗದು. ಕಾರಣ ಸಿಗದಾಗ ಸೊಸೆಯನ್ನೇ ಕಾರಣವಾಗಿಸುವ ಜಾಣತನ ನಮ್ಮಲ್ಲಿದೆ!

ನಾಲ್ಕು ತಿಂಗಳು ಮುಟ್ಟು ತಪ್ಪಿದರೆ ಅಥವಾ ಏರುಪೇರಾದರೆ, ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು, ಎಫ್.ಎಸ್.ಎಚ್. ಎಂಬ ರಕ್ತಪರೀಕ್ಷೆ ಮಾಡಿಸಬೇಕು. ರೋಗ ದೃಢಪಟ್ಟರೂ ಬಂಜೆಯೆಂಬ ಪಟ್ಟ ಕಟ್ಟಲಾಗದು. ಅಂಡಾಶಯ ಒಮ್ಮೊಮ್ಮೆ ಎಚ್ಚೆತ್ತುಕೊಳ್ಳುವುದುಂಟು. ನೂರಕ್ಕೆ 5ರಿಂದ 10 ಮಂದಿ ಸಹಜವಾಗಿಯೇ ಗರ್ಭಧರಿಸುತ್ತಾರೆ. ಉಳಿದವರಿಗೆ ದಾನಿಯ ಅಂಡಾಣುವಿನ ಮಾರ್ಗವಿದೆ. 2021ರ ಕಾಯಿದೆಯಂತೆ ದಾನಿಯ ವಯಸ್ಸು 23ರಿಂದ 35. ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ. ಮಗು ಬೇಡವೆನ್ನುವವರೂ ಸುಮ್ಮನಿರುವಂತಿಲ್ಲ. ಈಸ್ಟ್ರೊಜೆನ್ ಇಲ್ಲದೆ ಎಲುಬು ಸವೆಯುತ್ತದೆ, ಹೃದಯಕ್ಕೂ ಅಪಾಯ. ಬೇಡವೆನ್ನಲು ವೈದ್ಯರಿಗೆ ಬೇರೆ ಕಾರಣವಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗೆ ಹಾರ್ಮೋನು ಚಿಕಿತ್ಸೆ ಅವಶ್ಯ.

ಮನುಷ್ಯರೇ ತಂದೊಡ್ಡುವ ಅಕಾಲ ಋತುಬಂಧವೂ ಒಂದಿದೆ. ಇದೇ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರಕಾರಿ ಸಮಿತಿಯೊಂದು ನಡೆಸಿದ ಸಮೀಕ್ಷೆಯಲ್ಲಿ, 82,309 ಕಬ್ಬು ಕಡಿಯುವ ಸ್ತ್ರೀಯರ ಪೈಕಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಗಂಡ-ಹೆಂಡಿರನ್ನು ಒಂದೇ 'ಕೋಯ್ತಾ' ಎಂದೆಣಿಸಿ, ಒಂದು ದಿನ ತಪ್ಪಿದರೂ ದಂಡ ಮುರಿದುಕೊಳ್ಳುವ ಪದ್ಧತಿಯಲ್ಲಿ ಮುಟ್ಟೆಂಬುದೇ ನಷ್ಟದ ಬಾಬ್ತಾಗಿತ್ತು. ನಮ್ಮ ಕಲಬುರಗಿಯ ಲಂಬಾಣಿ ತಾಂಡಾಗಳ ಸ್ತ್ರೀಯರೂ ಇಂಥ ಶಸ್ತ್ರಕ್ರಿಯೆಗಳ ವಿರುದ್ಧ 2017ರಲ್ಲಿ ಬೀದಿಗಿಳಿದರು. ಆದುದರಿಂದ ಇದು ಮರಾಠವಾಡೆಯ ಪಾಡೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಗರ್ಭಕೋಶವನ್ನಷ್ಟೇ ತೆಗೆದರೂ ಅಂಡಾಶಯಗಳು ಕಾಲಕ್ಕೆ ಮೊದಲೇ ಬಳಲುವ ಸಂಭವ ಹೆಚ್ಚು. ಎರಡೂ ಅಂಡಾಶಯಗಳನ್ನು ತೆಗೆದರಂತೂ ಋತುಬಂಧ ಅಂದಿನಿಂದಲೇ.

ತಾಯಂದಿರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಎರಡು ಮಾತು ಕೇಳಿರಿ: ಔಷಧದಿಂದ ಗುಣವಾಗದೆ? ಅಂಡಾಶಯವನ್ನು ಉಳಿಸುವಿರಾ? ಮರಾಠಿಯ ಉತ್ತರ ಪೂರ್ತಿ ತಿಳಿಯದೆಂಬ ಅಳುಕಿದ್ದರೆ, ಆ ಭಾಷೆ ಬಲ್ಲ ನೆರೆಮನೆಯಾಕೆಯನ್ನು ಜೊತೆಗೆ ಕರೆದೊಯ್ಯಿರಿ.