ರುಜು ಹಾಕುವ ಮೊದಲು



ತುಮಕೂರಿನ ಸತ್ಯಮಂಗಲ, ಅಂತರಸನಹಳ್ಳಿ, ಹಿರೇಹಳ್ಳಿಗಳ ಕಡೆಯಿಂದ ನನಗೆ ಬರುವ ಪತ್ರಗಳ ಚಿಂತೆ ಒಂದೇ: ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ‘ಪುನಾರಚನೆ’ಯ ಮಾತು ಹುಟ್ಟಿದೆ, ನಮ್ಮ ಗತಿಯೇನು?

ಚಿಂತೆ ನಿರಾಧಾರವಲ್ಲ. ಮೈಕೋ ಎಂಬ ಹೆಸರಿನಿಂದ ಬೆಂಗಳೂರಿಗೆ ಬಂದ ಬಾಷ್ ಸಂಸ್ಥೆಯೇ 2025ರ ಸೆಪ್ಟೆಂಬರಿನಲ್ಲಿ ತನ್ನ ವಾಹನವಿಭಾಗದಲ್ಲಿ, ಬಹುಪಾಲು ಜರ್ಮನಿಯಲ್ಲಿ, ಸುಮಾರು 13,000 ಹುದ್ದೆಗಳನ್ನು ಕಡಿಮೆ ಮಾಡುವುದಾಗಿ ಸಾರಿತು. ವಿದ್ಯುತ್ ಕಾರಿಗೆ ಡೀಸೆಲ್ ಪಂಪೂ ಬೇಡ, ನಾಜಲ್ಲೂ ಬೇಡ.

ಆದರೆ ಇಂದು ನಾನು ಹೇಳಬೇಕೆಂದಿರುವುದು ಒಂದು ಕಾಗದದ ವಿಚಾರ. ಬಹಳ ವರ್ಷಗಳ ಹಿಂದೆ ಲೇತ್ ಯಂತ್ರದ ಕೆಲಸಗಾರನೊಬ್ಬ ಮಡಿಸಿದ ಹಾಳೆಯೊಂದನ್ನು ನನಗೆ ತೋರಿಸಿದನು. ಎಣ್ಣೆಯ ಬೆರಳಚ್ಚು ಅಂಚಿನಲ್ಲಿದ್ದಿತು, ನಡುವೆ ‘ಸ್ವಂತ ಕಾರಣಗಳಿಂದ ರಾಜೀನಾಮೆ’ ಎಂಬ ಟೈಪು ಮಾಡಿದ ಸಾಲು, ಕೆಳಗೆ ಅವನದೇ ರುಜು. ಅವನಿಗೆ ಸ್ವಂತ ಕಾರಣ ಒಂದೂ ಇರಲಿಲ್ಲ. ಹಾಗಾದರೆ ಆ ಸಾಲು ಏಕೆ? ಕಾಯಿದೆಯ ಕಣ್ಣಿನಲ್ಲಿ, ಕೆಲಸದಿಂದ ತೆಗೆದರೆ ಅದು ಕಡಿತ. ನೀವಾಗಿಯೇ ಬಿಟ್ಟರೆ ಕಡಿತವಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ಸ್ವಯಂನಿವೃತ್ತಿಯನ್ನು ಕಡಿತದ ವ್ಯಾಖ್ಯೆಯಿಂದಲೇ ಹೊರಗಿಟ್ಟಿತ್ತು. ಅದರ ಸ್ಥಾನಕ್ಕೆ ಬಂದಿರುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಹಾಗೆಯೇ ಇಟ್ಟಿದೆ. ಒಂದು ವರ್ಷ ನಿರಂತರ ದುಡಿದವನನ್ನು ತೆಗೆಯುವಾಗ ಒಂದು ತಿಂಗಳ ನೋಟೀಸು ಅಥವಾ ಆ ಅವಧಿಯ ವೇತನ, ಸೇವೆಯ ವರ್ಷವೊಂದಕ್ಕೆ 15 ದಿನದ ವೇತನದಂತೆ ಪರಿಹಾರ ಕೊಡಬೇಕು: ಎಂಟು ವರ್ಷಕ್ಕೆ 120 ದಿನದ ವೇತನ. ರಾಜೀನಾಮೆಗೆ ರುಜು ಬಿದ್ದರೆ ಇದನ್ನು ಕೇಳುವ ದಾರಿ ದುರ್ಗಮವಾಗುತ್ತದೆ. ಮತ್ತೆ ಹೇಳುತ್ತೇನೆ, ತೆಗೆದರೆ ಪರಿಹಾರ, ಬಿಟ್ಟರೆ ಇಲ್ಲ.

‘ಗ್ರಾಚ್ಯುಟಿ ಬಂತಲ್ಲ ಸ್ವಾಮಿ, ಪರಿಹಾರ ಅದೇ’ ಎನ್ನುವವರನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ಅದೂ ವರ್ಷಕ್ಕೆ 15 ದಿನ, ಇದೂ 15 ದಿನ ಆದ್ದರಿಂದಲೇ ಈ ಭ್ರಮೆ. ಗ್ರಾಚ್ಯುಟಿ ಐದು ವರ್ಷ ದುಡಿದು ರಾಜೀನಾಮೆ ಕೊಟ್ಟವನಿಗೂ ಸಲ್ಲುವ ಹಣ. ಪರಿಹಾರ ಬೇರೆ, ಅಷ್ಟು ವರ್ಷ ದುಡಿದವನನ್ನು ತೆಗೆದರೆ ಎರಡೂ ಸಲ್ಲಬೇಕು.

ಮುನ್ನೂರು ಕಾರ್ಮಿಕರಿಗಿಂತ ಕಡಿಮೆಯಿರುವ ಘಟಕಕ್ಕೆ ಹೊಸ ಸಂಹಿತೆಯಂತೆ ಕಡಿತಕ್ಕೆ ಸರ್ಕಾರದ ಪೂರ್ವಾನುಮತಿ ಬೇಡ. ಹಾಗೆಂದು ನೋಟೀಸೂ ಪರಿಹಾರವೂ ಬೇಡವೆಂದಲ್ಲ. ಸ್ವಯಂನಿವೃತ್ತಿಯೆಲ್ಲವೂ ಕೆಟ್ಟದ್ದೆಂದೂ ಅಲ್ಲ. ನಮ್ಮ ತುಮಕೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯೂ ಸೇರಿದ ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರವು ತೀರ್ಮಾನಿಸಿದಾಗ, ಸ್ವಯಂನಿವೃತ್ತಿಯ ಯೋಜನೆಯನ್ನು ಯಾವ ವೇತನಶ್ರೇಣಿಯ ಲೆಕ್ಕದಲ್ಲಿ ಕೊಡುವುದೆಂಬುದನ್ನೂ ಮೊದಲೇ ಪ್ರಕಟಿಸಿತು. ಅಂಥ ಲಿಖಿತ ಲೆಕ್ಕ ಮುಂದಿದ್ದರೆ ಕೂಡಿಸಿ ನೋಡಿ ಒಪ್ಪಬಹುದು. ಬರಿಯ ಹಾಳೆ ಬಂದರೆ ಅಂದೇ ರುಜು ಹಾಕಬೇಡಿರಿ. ಮನೆಗೆ ತಂದು ಓದಿಸಿರಿ, ಹಾಜರಿ, ವೇತನಚೀಟಿಗಳ ಸಹಿತ ಕಾರ್ಮಿಕ ಇಲಾಖೆಯ ಅಧಿಕಾರಿಗೆ ತೋರಿಸಿರಿ.