ಬ್ರೌರೋನ್ ಕ್ಷೇತ್ರದ ಹರಕೆಯ ವಸ್ತುಗಳು



ಗ್ರೀಸ್ ದೇಶವನ್ನು ಕಾಣಹೋದ ಯಾತ್ರಿಕರಲ್ಲಿ ಬಹುಮಂದಿ ಅಥೆನ್ಸ್ ನಗರದ ಅಕ್ರೊಪೊಲಿಸ್ ಗುಡ್ಡವನ್ನು ನೋಡಿ ಕೃತಾರ್ಥರಾಗಿ ಹಿಂದಿರುಗುವರು. ಅದೇ ಅಟ್ಟಿಕಾ ಪ್ರಾಂತದ ಪೂರ್ವತೀರದಲ್ಲಿ, ಎರಸಿನೋಸ್ ಎಂಬ ಕಿರುಹೊಳೆಯು ಕಡಲನ್ನು ಸೇರುವ ತಾಣದ ಬಳಿ, ಬ್ರೌರೋನ್ ಎಂಬ ಪುರಾತನ ಕ್ಷೇತ್ರವಿರುವುದು. ಅಲ್ಲಿ ದೊರೆತ ವಸ್ತುಗಳನ್ನು ಸಮೀಪದ ಒಂದು ಚಿಕ್ಕ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವರು. ಅರಸರ ವೈಭವವನ್ನು ಅರಸಿ ಬಂದವನಿಗೆ ಇಲ್ಲಿ ನಿರಾಶೆಯಾದೀತು. ತಾಯಂದಿರ ಮನಸ್ಸನ್ನು ಅರಿಯಬಯಸುವವನು ಮಾತ್ರ ಇಲ್ಲಿಂದ ಬೇಗನೆ ಹೊರಡಲಾರನು.

ಈ ಕ್ಷೇತ್ರದ ಅಧಿದೇವತೆ ಆರ್ಟೆಮಿಸ್. ಬೇಟೆಗೂ ಕಾಡುಮೃಗಗಳಿಗೂ ಒಡತಿಯಾದ ಈ ಕನ್ನಿಕಾದೇವಿಯೇ ಹೆರಿಗೆಯ ಕಾಲದಲ್ಲಿ ಕಾಯುವವಳೆಂದೂ ಮುನಿದರೆ ಪ್ರಾಣವನ್ನು ಕೊಂಡೊಯ್ಯುವವಳೆಂದೂ ಗ್ರೀಕ್ ಸ್ತ್ರೀಯರು ನಂಬಿದ್ದರು. ಅಥೆನ್ಸಿನ ಚಿಕ್ಕ ಬಾಲಿಕೆಯರು ವಿವಾಹಕ್ಕೆ ಮುನ್ನ ಇಲ್ಲಿ 'ಕರಡಿ'ಗಳಾಗಿ ದೇವಿಯ ಸೇವೆಯನ್ನು ಮಾಡುತ್ತಿದ್ದರು. ಇದಕ್ಕೊಂದು ಕಥೆಯುಂಟು. ದೇವಿಯ ಆವರಣದಲ್ಲಿ ಒಂದು ಸಾಕುಕರಡಿಯಿದ್ದಿತು. ತನ್ನನ್ನು ಕೆಣಕಿದ ಹುಡುಗಿಯೊಬ್ಬಳನ್ನು ಅದು ಪರಚಿತು. ಅವಳ ಅಣ್ಣಂದಿರು ಅದನ್ನು ಕೊಂದರು. ದೇವಿಯು ಕೋಪಗೊಂಡಳು. ಆ ಪಾಪದ ಪರಿಹಾರಕ್ಕಾಗಿ ಹುಡುಗಿಯರು ಕೇಸರಿಬಣ್ಣದ ಉಡುಪನ್ನುಟ್ಟು ಕರಡಿಯಾಟವನ್ನು ಆಡಬೇಕಾಯಿತು. ಕಥೆಯು ವಿಚಿತ್ರವೆನಿಸಬಹುದು, ಆದರೆ ಸಂಗ್ರಹಾಲಯದಲ್ಲಿರುವ ಪುಟ್ಟ ಮಣ್ಣಿನ ಪಾತ್ರೆಗಳ ಮೇಲೆ ಓಡುತ್ತಿರುವ ಬಾಲಿಕೆಯರ ಚಿತ್ರಗಳನ್ನು ಕಂಡವನಿಗೆ ಅದು ಬರಿಯ ಕಥೆಯೆಂದು ತಳ್ಳಿಬಿಡಲು ಮನಸ್ಸು ಬಾರದು.

ಕ್ರಿ. ಪೂ. 3ನೆಯ ಶತಮಾನದಲ್ಲಿ ಹೊಳೆಯ ಪ್ರವಾಹದಿಂದ ಕ್ಷೇತ್ರವು ಹಾಳಾಗಿ ಹೂಳಿನಲ್ಲಿ ಮುಚ್ಚಿಹೋಯಿತು. 1948ರಲ್ಲಿ ಯೊವಾನ್ನಿಸ್ ಪಾಪಡಿಮಿಟ್ರಿಯು ಎಂಬ ಗ್ರೀಕ್ ವಿದ್ವಾಂಸರು ಉತ್ಖನನವನ್ನಾರಂಭಿಸಿ, 1963ರಲ್ಲಿ ತಾವು ತೀರಿಕೊಳ್ಳುವವರೆಗೂ ಆ ಕಾರ್ಯವನ್ನು ನಡೆಸಿದರು. ಹಾಳುಮಾಡಿದ ಕೆಸರೇ ಕಾಪಾಡಿಯೂ ಇದ್ದಿತು! ಸಾಮಾನ್ಯವಾಗಿ ಮಣ್ಣಿನಲ್ಲಿ ಕರಗಿಹೋಗುವ ಮರದ ಸಾಮಾನುಗಳು ಕೂಡ ಇಲ್ಲಿ ಉಳಿದು ಬಂದಿವೆ. ಅವುಗಳೊಡನೆ ಕಂಚಿನ ಕನ್ನಡಿಗಳೂ ಉಂಗುರಗಳೂ ದೊರೆತವು. ಇವೆಲ್ಲವೂ ಹೆಂಗಸರು ತಮ್ಮ ಮೈಮೇಲಿಂದಲೂ ಮನೆಯಿಂದಲೂ ತೆಗೆದು ಒಪ್ಪಿಸಿದ ಕಾಣಿಕೆಗಳು.

ಸಂಗ್ರಹಾಲಯದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹಿಡಿಸುವವು ಅಮೃತಶಿಲೆಯ ಮಕ್ಕಳ ಪ್ರತಿಮೆಗಳು. ಒಬ್ಬಳು ಮೊಲವನ್ನು ಎದೆಗವಚಿಕೊಂಡಿರುವಳು. ಇನ್ನೊಬ್ಬಳ ಕೈಯಲ್ಲಿ ಹಕ್ಕಿಯಿರುವುದು. ಗಂಡುಮಕ್ಕಳ ಪ್ರತಿಮೆಗಳೂ ಉಂಟು. ಶಿಲ್ಪಿಯು ಇವರನ್ನು ದೇವತೆಗಳಂತೆ ಕಡೆದಿಲ್ಲ. ಗುಂಡುಕೆನ್ನೆಯ ಮನೆಮಕ್ಕಳಂತೆಯೇ ಕಡೆದಿರುವನು. ಮಕ್ಕಳಿಗಾಗಿ ಹರಕೆ ಹೊತ್ತು ಗುಡಿಯಲ್ಲಿ ತೊಟ್ಟಿಲು ಕಟ್ಟುವವರನ್ನು ಕಂಡಿರುವ ಈ ನಾಡಿನವರಿಗೆ ಇವನ್ನು ವಿವರಿಸಿ ಹೇಳಬೇಕಾದುದಿಲ್ಲ.

ಮತ್ತೊಂದು ಫಲಕವು ಇದಕ್ಕಿಂತಲೂ ಹೃದಯಂಗಮವಾಗಿದೆ. ಆಂಟಿಫಾಟಿಸನ ಪತ್ನಿಯಾದ ಅರಿಸ್ಟೊನಿಕೆ ಎಂಬಾಕೆ ಅದನ್ನು ಒಪ್ಪಿಸಿದಳು. ಜಿಂಕೆಯೊಡನೆ ನಿಂತ ದೇವಿಯ ಬಳಿಗೆ ಗಂಡ, ಹೆಂಡತಿ, ಮಕ್ಕಳೆಲ್ಲರೂ ಬಲಿಯ ಎತ್ತಿನೊಡನೆ ಬರುತ್ತಿರುವರು. ಎಲ್ಲರಿಗಿಂತ ಹಿಂದೆ ಸೇವಕಿಯೊಬ್ಬಳು ತಲೆಯ ಮೇಲೆ ದೊಡ್ಡ ಪೆಟ್ಟಿಗೆಯನ್ನು ಹೊತ್ತಿರುವಳು. ಆ ಪೆಟ್ಟಿಗೆಯಲ್ಲಿ ದೇವಿಗೆ ಒಪ್ಪಿಸುವ ವಸ್ತ್ರಗಳಿದ್ದಿರಬೇಕೆಂದು ಊಹಿಸುವರು.

ಈ ಊಹೆಗೆ ಆಧಾರವಿಲ್ಲದಿಲ್ಲ. ವಸ್ತ್ರವೇ ಈ ಕ್ಷೇತ್ರದ ಪ್ರಧಾನ ಕಾಣಿಕೆಗಳಲ್ಲೊಂದಾಗಿದ್ದಿತು. ಹೆರಿಗೆಯಲ್ಲಿ ಮಡಿದ ಸ್ತ್ರೀಯರ ನೇಯ್ದ ಉಡುಪುಗಳನ್ನು ಬ್ರೌರೋನಿನಲ್ಲಿ ಇಫಿಜೀನಿಯಳಿಗೆ ಅರ್ಪಿಸುವರೆಂದು ಯೂರಿಪಿಡೀಸ್ ಕವಿಯು ತನ್ನ ನಾಟಕವೊಂದರಲ್ಲಿ ಹೇಳಿರುವನು. ಬದುಕಿ ಉಳಿದವರು ಆರ್ಟೆಮಿಸಳಿಗೆ ಒಪ್ಪಿಸಿದರು. ಇಂದು ಆ ಬಟ್ಟೆಗಳಲ್ಲಿ ಒಂದು ಎಳೆಯೂ ಸಂಗ್ರಹಾಲಯದಲ್ಲಿ ಕಾಣಬಾರದು. ಮರವನ್ನು ಉಳಿಸಿದ ಕೆಸರು ನೂಲನ್ನು ಉಳಿಸಲಿಲ್ಲ.

ಆದರೆ ಲೆಕ್ಕವು ಉಳಿದಿದೆ. ಕ್ರಿ. ಪೂ. 4ನೆಯ ಶತಮಾನದಲ್ಲಿ ಅಧಿಕಾರಿಗಳು ಈ ವಸ್ತ್ರಗಳ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಿಸಿದರು. ಅದರ ತುಂಡುಗಳು ಅಥೆನ್ಸಿನ ಅಕ್ರೊಪೊಲಿಸ್ಸಿನಲ್ಲಿ ದೊರೆತಿವೆ. ಯಾವ ಉಡುಪು, ಅದರ ಅಂಚು ಎಂತಹುದು, ಒಪ್ಪಿಸಿದವಳು ಯಾರ ಹೆಂಡತಿ, ಅದು ಪೆಟ್ಟಿಗೆಯಲ್ಲಿರುವುದೋ ದೇವಿಯ ವಿಗ್ರಹಕ್ಕೆ ಉಡಿಸಿರುವುದೋ ಎಂದು ಬರೆದಿರುವರು. ಕೆಲವು ಉಡುಪುಗಳು ಅರ್ಧ ನೇಯ್ದವು. ಮಗ್ಗದ ಮುಂದಿನಿಂದಲೇ ಹೆರಿಗೆಗೆ ಹೋಗಿ ಮರಳದವರ ಕೈಗೆಲಸವಿದೆಂದು ಕೆಲವರು ಭಾವಿಸುವರು. ಕಲ್ಲಿನ ಪಟ್ಟಿಯಾದರೋ ಆ ವಿಷಯವಾಗಿ ಮೌನವಾಗಿದೆ. ಹಲವು ಉಡುಪುಗಳ ಮುಂದೆ ಒಂದೇ ಒಂದು ಪದವನ್ನು ಕೆತ್ತಿರುವರು: 'ಚಿಂದಿ'. ಚಿಂದಿಯಾದುದನ್ನೂ ಪಟ್ಟಿಯಿಂದ ಅಳಿಸದೆ, ಅದನ್ನು ಒಪ್ಪಿಸಿದವಳ ಹೆಸರಿನೊಡನೆ ಹಾಗೆಯೇ ಇರಿಸಿಕೊಂಡಿದ್ದರು.