ರಕ್ತ ಕಮ್ಮಿ ಎಂದರೆ ಏನು ಕಮ್ಮಿ?

ನಮ್ಮ ಮನೆಗಳಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಆಶಾ ಕಾರ್ಯಕರ್ತೆಯರ ಬಾಯಲ್ಲಿ ದಿನವೂ ಕೇಳಿಬರುವ ಮಾತೊಂದಿದೆ: ‘ರಕ್ತ ಕಮ್ಮಿ ಇದೆ.’ ಬಸುರಿ ಹೆಣ್ಣುಮಗಳು ಮೊದಲ ತಪಾಸಣೆಗೆ ಹೋದಾಗ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಅಂಕಿ ಬರೆಯುತ್ತಾರೆ. ಅದು 11ಕ್ಕಿಂತ ಕೆಳಗಿದ್ದರೆ ಈ ಮಾತು ಬರುತ್ತದೆ, ಬೆನ್ನಿಗೇ ಕಬ್ಬಿಣದ ಮಾತ್ರೆಯೂ ಬರುತ್ತದೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇಷ್ಟು ದೊಡ್ಡ ಸಂಖ್ಯೆಗೆ ಒಂದೇ ಮದ್ದು ಕೊಡುವುದರ ಹಿಂದೆ ಸದುದ್ದೇಶವಿದೆ, ಬಹುಪಾಲು ಹೆಂಗಸರಿಗೆ ಅದರಿಂದ ಗುಣವೂ ಆಗುತ್ತದೆ. ಆದರೆ ರಕ್ತದಲ್ಲಿ ಕಮ್ಮಿಯಾಗಿರುವುದು ಕಬ್ಬಿಣವೋ, ಕಬ್ಬಿಣದೊಡನೆ ಸೇರಿ ಹಿಮೋಗ್ಲೋಬಿನ್ ಆಗಬೇಕಾದ ಪ್ರೋಟೀನೋ ಎಂಬ ಪ್ರಶ್ನೆ ಆ ಕಾರ್ಡಿನಲ್ಲಿ ಇಲ್ಲ. ಹುಟ್ಟುವ ಮಗುವಿನ ರಕ್ತದ ಕಾಯಿಲೆಯನ್ನು ಮೊದಲೇ ತಿಳಿಯುವ ಕೆಲಸ ಶುರುವಾಗಬೇಕಾದದ್ದು ದೊಡ್ಡ ಪ್ರಯೋಗಾಲಯದಲ್ಲಲ್ಲ, ಈ ಸಣ್ಣ ಪ್ರಶ್ನೆಯಲ್ಲಿ. ಅದನ್ನು ಕೇಳಲು ತಡವಾದರೆ ಮುಂದಿನ ವಿಜ್ಞಾನವೆಲ್ಲ ಇದ್ದೂ ಕೈಗೆಟುಕುವುದಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಮೊದಲು ಕಬ್ಬಿಣದ ಲೆಕ್ಕ ನೋಡೋಣ. ವಯಸ್ಕರ ಮೈಯಲ್ಲಿ ಮೂರು–ನಾಲ್ಕು ಗ್ರಾಂ ಕಬ್ಬಿಣವಿರುತ್ತದೆ. ಅದರ ದೊಡ್ಡ ಪಾಲು ಹಿಮೋಗ್ಲೋಬಿನ್ನಿನಲ್ಲಿ ದುಡಿಯುತ್ತಿರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ದಾಸ್ತಾನಾಗಿರುತ್ತದೆ. ಬಿಡಿಯಾಗಿ ಓಡಾಡುವ ಕಬ್ಬಿಣ ಜೀವಕೋಶಕ್ಕೆ ಅಪಾಯಕಾರಿ. ಆಮ್ಲಜನಕದೊಡನೆ ಸೇರಿ ಅದು ಕೋಶದ ಪೊರೆಯನ್ನೂ ಡಿಎನ್‌ಎಯನ್ನೂ ಹಾಳುಗೆಡವುತ್ತದೆ. ಆದ್ದರಿಂದ ಜೀವಕೋಶ ಅದನ್ನು ಫೆರಿಟಿನ್ ಎಂಬ ಪ್ರೋಟೀನಿನೊಳಗೆ ಕೂಡಿಡುತ್ತದೆ. 1937ರಲ್ಲಿ ವಿಲೆಮ್ ಲಾಫ್‌ಬರ್ಗರ್ ಎಂಬ ಚೆಕ್ ವಿಜ್ಞಾನಿ ಕುದುರೆಯ ಗುಲ್ಮದಿಂದ ಇದನ್ನು ಬೇರ್ಪಡಿಸಿದರು. 24 ತುಂಡುಗಳು ಒಂದಕ್ಕೊಂದು ಕೂಡಿ ಆದ ಟೊಳ್ಳು ಗೋಳ ಅದು. ಅದರೊಳಗೆ ಸುಮಾರು 4,500 ಕಬ್ಬಿಣದ ಪರಮಾಣುಗಳು ಹಿಡಿಸುತ್ತವೆ. ಹಿಂದೆ ನಮ್ಮ ರೈತರು ರಾಗಿಯನ್ನು ಹಗೇವಿಗೆ ಸುರಿದು ಬಾಯಿ ಮುಚ್ಚಿ, ಬರ ಬಂದಾಗ ತೆರೆಯುತ್ತಿದ್ದರಲ್ಲ, ಫೆರಿಟಿನ್ ಮಾಡುವುದೂ ಅದೇ ಕೆಲಸ: ಹೆಚ್ಚಾದದ್ದನ್ನು ಕೆಡದಂತೆ, ಕೆಡಿಸದಂತೆ ಇಟ್ಟುಕೊಂಡು ಬೇಕಾದಾಗ ಹೊರಗೆ ಕೊಡುವುದು. ಈ ಹಗೇವಿನ ಕುರುಹು ಅತ್ಯಲ್ಪ ಪ್ರಮಾಣದಲ್ಲಿ ರಕ್ತದ ಸೀರಂನಲ್ಲೂ ಸಿಗುತ್ತದೆ. 1972ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಜೇಕಬ್ಸ್ ಮತ್ತು ಸಂಗಡಿಗರು ಅದನ್ನು ಅಳೆಯುವ ವಿಧಾನ ಕಂಡುಕೊಂಡರು. ಆರೋಗ್ಯವಂತರಲ್ಲಿ ಲೀಟರಿಗೆ ಒಂದು ಮೈಕ್ರೋಗ್ರಾಂ ಸೀರಂ ಫೆರಿಟಿನ್ ಎಂದರೆ ಮೈಯಲ್ಲಿ ಸುಮಾರು 8 ಮಿಲಿಗ್ರಾಂ ಕಬ್ಬಿಣದ ದಾಸ್ತಾನು ಎಂದು ಅಂದಾಜಿಸಬಹುದು. ಅಲ್ಲಿಯವರೆಗೆ ದಾಸ್ತಾನು ಎಷ್ಟಿದೆ ಎಂದು ತಿಳಿಯಲು ಮೂಳೆಗೆ ಸೂಜಿ ಚುಚ್ಚಿ ಅಸ್ಥಿಮಜ್ಜೆಯನ್ನು ತೆಗೆದು ನೋಡಬೇಕಿತ್ತು. ಈಗ ತೋಳಿನಿಂದ ತೆಗೆದ ಒಂದಿಷ್ಟು ರಕ್ತ ಸಾಕು.

ಆದರೆ ನನ್ನ ವಾದಕ್ಕೆ ಹೆಚ್ಚು ಬೆಳಕು ಕೊಡುವುದು ಸೀರಂನ ಫೆರಿಟಿನ್ ಅಲ್ಲ, ಕೆಂಪು ರಕ್ತಕಣದ ಒಳಗೇ ಉಳಿದಿರುವ ಫೆರಿಟಿನ್. ಅಸ್ಥಿಮಜ್ಜೆಯಲ್ಲಿ ಬೆಳೆಯುತ್ತಿರುವ ಎಳೆಯ ಕಣವು ಕಬ್ಬಿಣವನ್ನು ಒಳಗೆಳೆದುಕೊಂಡು ಹಿಮೋಗ್ಲೋಬಿನ್ ಕಟ್ಟುತ್ತದೆ, ಖರ್ಚಾಗದೆ ಉಳಿದದ್ದನ್ನು ಫೆರಿಟಿನ್ನಿನಲ್ಲಿ ಇಡುತ್ತದೆ. ಕಣ ಬಲಿತು ರಕ್ತಪ್ರವಾಹಕ್ಕೆ ಬಂದ ಮೇಲೂ ಅದರ ಲೇಶ ಉಳಿದಿರುತ್ತದೆ. ಹಾಗಾಗಿ ಸುಮಾರು 120 ದಿನ ಬದುಕುವ ಆ ಕಣ, ತಾನು ಹುಟ್ಟಿದಾಗ ಮಜ್ಜೆಯಲ್ಲಿ ಕಬ್ಬಿಣದ ಆದಾಯ–ವೆಚ್ಚ ಹೇಗಿತ್ತು ಎಂಬುದರ ದಾಖಲೆಯನ್ನು ಹೊತ್ತು ತಿರುಗುತ್ತದೆ. ಕಬ್ಬಿಣದ ಕೊರತೆಯಿರುವವರ ಕಣದಲ್ಲಿ ಈ ಫೆರಿಟಿನ್ ಇಳಿದಿರುತ್ತದೆ. ಥಲಸೀಮಿಯ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರ ಕಣದಲ್ಲಿ ಅದು ಏರಿರುತ್ತದೆ. ಹೊರನೋಟಕ್ಕೆ ಎರಡೂ ಕಣಗಳು ಒಂದೇ ಥರ ಸಣ್ಣವು, ಒಂದೇ ಥರ ಬಿಳಿಚಿಕೊಂಡವು. ಒಳಗಿನ ಕಥೆ ಮಾತ್ರ ತದ್ವಿರುದ್ಧ. ಒಂದು ಕಡೆ ಕಬ್ಬಿಣ ಬಂದೇ ಇಲ್ಲ. ಇನ್ನೊಂದು ಕಡೆ ಕಬ್ಬಿಣ ಬಂದಿದೆ, ಆದರೆ ಅದರ ಜೊತೆ ಸೇರಬೇಕಾದ ಗ್ಲೋಬಿನ್ ಎಂಬ ಪ್ರೋಟೀನಿನ ಸರಪಳಿ ಸಾಕಷ್ಟು ತಯಾರಾಗಿಲ್ಲ. ಕಣದೊಳಗಿನ ಫೆರಿಟಿನ್ನನ್ನು ಅಳೆಯುವುದು ದಿನಬಳಕೆಯ ಪರೀಕ್ಷೆಯಾಗಲಿಲ್ಲ. ಬಿಳಿ ರಕ್ತಕಣಗಳಲ್ಲಿ ಫೆರಿಟಿನ್ ತುಂಬ ಹೆಚ್ಚು, ಅವನ್ನೆಲ್ಲ ಜೋಪಾನವಾಗಿ ಬೇರ್ಪಡಿಸದೆ ಸರಿಯಾದ ಲೆಕ್ಕ ಸಿಗದು. ಆದರೂ ಆ ಸಂಶೋಧನೆ ಕಲಿಸಿದ ಪಾಠ ದೊಡ್ಡದು: ‘ರಕ್ತ ಕಮ್ಮಿ’ ಎಂಬ ಒಂದೇ ಮಾತಿನ ಕೆಳಗೆ ಎರಡು ಬೇರೆ ಬೇರೆ ಕಾಯಿಲೆಗಳಿವೆ.

ಥಲಸೀಮಿಯದ ದೋಷಪೂರಿತ ಜೀನ್ ಒಂದೇ ಇದ್ದವರು ವಾಹಕರು. ಅವರು ಆರೋಗ್ಯವಾಗಿಯೇ ಬಾಳುತ್ತಾರೆ, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇರಬಹುದು ಅಷ್ಟೇ. ನಮ್ಮ ದೇಶದಲ್ಲಿ ನೂರಕ್ಕೆ ಮೂರು–ನಾಲ್ಕು ಜನ ಬೀಟಾ ಥಲಸೀಮಿಯದ, ಎಂದರೆ ಬೀಟಾ ಎಂಬ ಗ್ಲೋಬಿನ್ ಸರಪಳಿಯ ದೋಷದ, ವಾಹಕರೆಂದು ಅಂದಾಜು. ಗಂಡ–ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ಎರಡೂ ಕಡೆಯ ದೋಷ ಬರುವ ಸಾಧ್ಯತೆ ಇದೆ. ಅಂಥ ಮಗುವಿಗೆ ಸಾಮಾನ್ಯವಾಗಿ ಮೊದಲ ಎರಡು ವರ್ಷಗಳೊಳಗೇ ರಕ್ತ ಕೊಡಬೇಕಾಗುತ್ತದೆ, ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುತ್ತಲೇ ಇರಬೇಕಾಗುತ್ತದೆ. ಇಲ್ಲಿ ಕಬ್ಬಿಣ ಮತ್ತೆ ಕಾಡುತ್ತದೆ. ದೊಡ್ಡವರಿಗೆ ಕೊಡುವ ಒಂದು ಚೀಲ ರಕ್ತದಲ್ಲಿ 200 ಮಿಲಿಗ್ರಾಮಿಗೂ ಹೆಚ್ಚು ಕಬ್ಬಿಣವಿರುತ್ತದೆ. ದೊಡ್ಡವರ ಮೈಯಿಂದಲೂ ದಿನಕ್ಕೆ ಹೊರಹೋಗುವುದು ಒಂದೆರಡು ಮಿಲಿಗ್ರಾಂ ಮಾತ್ರ, ಹೆಚ್ಚಾದದ್ದನ್ನು ಹೊರಹಾಕುವ ದಾರಿಯೇ ದೇಹಕ್ಕಿಲ್ಲ. ಹಗೇವು ತುಂಬಿ ತುಳುಕಿ ಕಬ್ಬಿಣ ಹೃದಯ, ಪಿತ್ತಜನಕಾಂಗ, ಹಾರ್ಮೋನು ಗ್ರಂಥಿಗಳಲ್ಲಿ ಸೇರಿಕೊಳ್ಳುತ್ತದೆ. ಸೀರಂ ಫೆರಿಟಿನ್ 1,000 ಮೈಕ್ರೋಗ್ರಾಂ ದಾಟುವ ಹೊತ್ತಿಗೆ ಕಬ್ಬಿಣ ಹೊರತೆಗೆಯುವ ಔಷಧಿ ಶುರುವಾಗಬೇಕು, ಅದು ಜೀವಮಾನದ ಔಷಧಿ. ಫೆರಿಟಿನ್ನಿನ ಒಂದೇ ಪರೀಕ್ಷೆ ತಾಯಿಯಲ್ಲಿ ಕೊರತೆಯನ್ನು ಹೇಳುತ್ತದೆ, ಮಗುವಿನಲ್ಲಿ ಮಿತಿಮೀರಿದ ಹೊರೆಯನ್ನು ಹೇಳುತ್ತದೆ.

ಈ ಕಾಯಿಲೆಯನ್ನು ಬಸಿರಿನಲ್ಲೇ ತಿಳಿಯುವ ವಿದ್ಯೆ ಐವತ್ತು ವರ್ಷಗಳಲ್ಲಿ ಬೆಳೆದು ಬಂದಿದೆ. 1970ರ ದಶಕದಲ್ಲಿ ಭ್ರೂಣದ ರಕ್ತವನ್ನೇ ತೆಗೆದು ಗ್ಲೋಬಿನ್ ಸರಪಳಿಗಳನ್ನು ಅಳೆಯುತ್ತಿದ್ದರು, ಅದಕ್ಕೆ ಬಸಿರು ಐದನೆಯ ತಿಂಗಳ ಹತ್ತಿರ ಬರುವವರೆಗೆ ಕಾಯಬೇಕಿತ್ತು. 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಯುಯೆಟ್ ವಾಯ್ ಕಾನ್ ಮತ್ತು ಸಂಗಡಿಗರು ಗರ್ಭದ ನೀರಿನಲ್ಲಿರುವ ಕೋಶಗಳ ಡಿಎನ್‌ಎಯಿಂದಲೇ ಆಲ್ಫಾ ಥಲಸೀಮಿಯವನ್ನು ಗುರುತಿಸಿದರು. ಅಲ್ಪ ಡಿಎನ್‌ಎಯನ್ನು ಲಕ್ಷಪಟ್ಟು ಹೆಚ್ಚಿಸುವ ಪಿಸಿಆರ್ ತಂತ್ರ 1985ರಲ್ಲಿ ಮೊದಲ ಸಲ ಪ್ರಕಟವಾದಾಗ ಅದನ್ನು ಬಳಸಿ ತೋರಿಸಿದ್ದು ಬೀಟಾ ಗ್ಲೋಬಿನ್ ಜೀನಿನ ಮೇಲೆ, ಸಿಕಲ್ ಸೆಲ್ ಕಾಯಿಲೆಯ ಪತ್ತೆಗಾಗಿ. ಇಂದು ಹನ್ನೊಂದನೆಯ ವಾರದ ಹೊತ್ತಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಬೆಳೆಯುತ್ತಿರುವ ಮಾಸಿನಿಂದ ಒಂದು ಚೂರು ತೆಗೆಯುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಅದು ನೀರಿನಲ್ಲಿ ತೇಲುವ ಬೇರಿನ ಎಳೆಗಳಂತೆ ಬಿಳಿಯಾಗಿ ಕವಲೊಡೆದು ಕಾಣುತ್ತದೆ. ತಾಯಿಯ ಅಂಗಾಂಶದ ಒಂದು ತುಣುಕೂ ಉಳಿಯದಂತೆ ಚಿಮಟದಲ್ಲಿ ಬಿಡಿಸಬೇಕು. ಉಳಿದರೆ ಮಗುವಿನ ಉತ್ತರದ ಬದಲು ತಾಯಿಯ ಉತ್ತರ ಬಂದುಬಿಡುತ್ತದೆ. ಬೀಟಾ ಗ್ಲೋಬಿನ್ ಜೀನಿನಲ್ಲಿ ನೂರಾರು ಬಗೆಯ ದೋಷಗಳಿದ್ದರೂ ಭಾರತದಲ್ಲಿ ಐದು ದೋಷಗಳೇ ಬಹುಪಾಲು ಪ್ರಕರಣಗಳಿಗೆ ಕಾರಣ. ಆದರೆ ತಂದೆ–ತಾಯಿಯ ದೋಷ ಯಾವುದೆಂದು ಮೊದಲು ಗೊತ್ತಿದ್ದರೆ ಮಾತ್ರ ಮಗುವಿನಲ್ಲಿ ಅದನ್ನು ಹುಡುಕುವುದು ಸುಲಭ.

ಇಲ್ಲಿಯೇ ಕಾಲದ ಪ್ರಶ್ನೆ ಬರುತ್ತದೆ. ಒಂಬತ್ತನೆಯ ವಾರದಲ್ಲಿ ಬಂದ ಗರ್ಭಿಣಿಯ ವರದಿ ಹೀಗಿದೆ ಎಂದುಕೊಳ್ಳಿ: ಹಿಮೋಗ್ಲೋಬಿನ್ 10.4, ಕೆಂಪು ಕಣಗಳ ಸಂಖ್ಯೆ 54 ಲಕ್ಷ, ಕಣದ ಸರಾಸರಿ ಗಾತ್ರ 64. ಇನ್ನೊಬ್ಬಳದು ಹಿಮೋಗ್ಲೋಬಿನ್ ಅಷ್ಟೇ 10.4, ಕಣಗಳು 44 ಲಕ್ಷ, ಗಾತ್ರ 74. ತಾಯಿ ಕಾರ್ಡಿಗೆ ಇಬ್ಬರೂ ಒಂದೇ. ಆದರೆ 1973ರಲ್ಲಿ ಮೆಂಟ್ಜರ್ ಎಂಬ ವೈದ್ಯರು ತೋರಿಸಿದ ಸರಳ ಲೆಕ್ಕವಿದೆ: ಗಾತ್ರವನ್ನು ದಶಲಕ್ಷದಲ್ಲಿ ಹೇಳಿದ ಕಣಸಂಖ್ಯೆಯಿಂದ ಭಾಗಿಸಿ. ಮೊದಲಿನವಳಿಗೆ ಸುಮಾರು 12 ಬರುತ್ತದೆ, ಎರಡನೆಯವಳಿಗೆ ಸುಮಾರು 17. ಹದಿಮೂರಕ್ಕಿಂತ ಕಡಿಮೆ ಬಂದರೆ ಥಲಸೀಮಿಯದ ಗುಮಾನಿ ಪಡಬೇಕು. ಫೆರಿಟಿನ್ ನೋಡಿದರೆ ಚಿತ್ರ ಇನ್ನಷ್ಟು ತಿಳಿಯಾಗುತ್ತದೆ, ಹಿಮೋಗ್ಲೋಬಿನ್ನಿನ ಒಂದು ಬಗೆಯಾದ ಎ2 ಅನ್ನು ಅಳೆದರೆ ವಾಹಕತ್ವ ಬಹುಮಟ್ಟಿಗೆ ಖಚಿತವಾಗುತ್ತದೆ. ಇದನ್ನು ಬಿಟ್ಟು ‘ಎರಡು ತಿಂಗಳು ಮಾತ್ರೆ ತಗೊಂಡು ಬಾ, ಆಮೇಲೆ ನೋಡೋಣ’ ಎಂದರೆ ಏನಾಗುತ್ತದೆ? ಅವಳು ಮತ್ತೆ ಬರುವಾಗ ಹದಿನೇಳನೆಯ ವಾರ. ಆಮೇಲೆ ಅವಳ ಎ2, ಗಂಡನ ರಕ್ತ, ಇಬ್ಬರ ಡಿಎನ್‌ಎ, ಕೊನೆಗೆ ಭ್ರೂಣದ ಪರೀಕ್ಷೆ. ಮಗು ಒದೆಯುವುದು ತಾಯಿಗೆ ತಿಳಿಯತೊಡಗಿದ ಮೇಲೆ ಆ ದಂಪತಿಯನ್ನು ನಿರ್ಧಾರದ ಮುಂದೆ ನಿಲ್ಲಿಸಿದಂತಾಗುತ್ತದೆ. ವಿಜ್ಞಾನ ಕೊಟ್ಟ ವಾರಗಳನ್ನು ನಮ್ಮ ರೂಢಿ ನುಂಗಿಬಿಡುತ್ತದೆ.

ಈ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಿ ಎಂದರೆ ಬರುವ ಮೊದಲ ಆಕ್ಷೇಪ ಖರ್ಚಿನದು. ಮಾತ್ರೆ ಅಗ್ಗ, ಕೊರತೆ ವ್ಯಾಪಕ, ಎಲ್ಲರಿಗೂ ಪರೀಕ್ಷೆ ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಾತ್ರೆ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ವಾಹಕಳಾದ ಗರ್ಭಿಣಿಗೂ ಕಬ್ಬಿಣದ ಕೊರತೆ ಇರಬಹುದು, ಆಗ ಅವಳಿಗೂ ಮಾತ್ರೆ ಬೇಕು. ನಾನು ಕೇಳುತ್ತಿರುವುದು ಮಾತ್ರೆಯೂ ಪ್ರಶ್ನೆಯೂ ಒಂದೇ ದಿನ ಶುರುವಾಗಲಿ ಎಂದು. ಕಣದ ಗಾತ್ರ, ಕಣಗಳ ಸಂಖ್ಯೆ ಎರಡೂ ಸಾಮಾನ್ಯ ರಕ್ತಪರೀಕ್ಷೆಯ ಯಂತ್ರ ಹೇಗೂ ಮುದ್ರಿಸುವ ಅಂಕಿಗಳು, ಓದುವ ಕಣ್ಣು ಬೇಕು ಅಷ್ಟೇ. ಎರಡನೆಯ ಆಕ್ಷೇಪ ವೈದ್ಯರದು: ಈ ಅಂಕಿಗಳು ಮೋಸ ಮಾಡುತ್ತವೆ. ಇದೂ ನಿಜ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಏರಿ ಕೊರತೆಯನ್ನು ಮರೆಮಾಡುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಆರೋಗ್ಯವಂತ ವಯಸ್ಕರಿಗೆ 15 ಮೈಕ್ರೋಗ್ರಾಂ ಗೆರೆ ಹಾಕಿದರೆ ಸೋಂಕು–ಉರಿಯೂತ ಇರುವವರಿಗೆ 70ರ ಗೆರೆ ಹಾಕಿತು. ತೀವ್ರ ಕಬ್ಬಿಣದ ಕೊರತೆ ಇದ್ದರೆ ಎ2 ಕೊಂಚ ಇಳಿದು ವಾಹಕತ್ವ ಕೈತಪ್ಪಬಹುದು. ಬೀಟಾ ಗ್ಲೋಬಿನ್ ಜೀನಿನದೇ ಇನ್ನೊಂದು ಕಾಯಿಲೆಯಾದ ಸಿಕಲ್ ಸೆಲ್‌ನ ವಾಹಕರಲ್ಲಿ ಕಣದ ಗಾತ್ರ ಸಾಮಾನ್ಯವಾಗಿಯೇ ಇರುತ್ತದೆ, ಹಾಗಾಗಿ ಗಾತ್ರ ಮಾತ್ರ ನೋಡಿದರೆ ಅವರು ಸಿಗುವುದಿಲ್ಲ. ಇದು ನಮಗೆ ದೂರದ ಕಾಯಿಲೆಯೂ ಅಲ್ಲ: 1952ರಲ್ಲಿ ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ ಈ ಜೀನ್ ಪತ್ತೆಯಾಯಿತು. 2023ರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ಪಟ್ಟಿಯಲ್ಲಿ ಕರ್ನಾಟಕವೂ ಇದೆ. ಹಾಗಾದರೆ ಇದರಿಂದ ಬರುವ ತೀರ್ಮಾನ ಅಂಕಿ ಬೇಡ ಎಂದಲ್ಲ. ಯಾವ ಅಂಕಿಯನ್ನೂ ಒಂಟಿಯಾಗಿ ನಂಬಬೇಡಿ, ಗುಮಾನಿ ಉಳಿದರೆ ಕಾಯದೆ ಗಂಡನ ರಕ್ತವನ್ನೂ ನೋಡಿ ಎಂದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ಬಸಿರಿನಲ್ಲೇ ಕಾಯಿಲೆ ಹುಡುಕುವುದೆಂದರೆ, ಆ ಕಾಯಿಲೆಯೊಂದಿಗೆ ಈಗ ಬದುಕುತ್ತಿರುವವರಿಗೆ ‘ನೀವು ಹುಟ್ಟಬಾರದಿತ್ತು’ ಎಂದು ಹೇಳಿದಂತಲ್ಲವೇ? ಈ ಮಾತಿನ ನೋವು ನಿಜವಾದದ್ದು. ನಾನು ಕೊಡಬಲ್ಲ ಉತ್ತರ ಎರಡು. ಒಂದು, ಪರೀಕ್ಷೆ ಆಯ್ಕೆಯನ್ನು ತೆರೆಯಬೇಕೇ ಹೊರತು ಆದೇಶವನ್ನಲ್ಲ. ಬ್ರಿಟನ್ನಿನಲ್ಲಿ ಬರ್ನಡೆಟ್ ಮಾಡೆಲ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಥಲಸೀಮಿಯದ ಅಪಾಯವಿದ್ದ ದಂಪತಿಗಳು ಮೊದಲು ಹೆದರಿ ಮಕ್ಕಳೇ ಬೇಡವೆಂದು ಕೂತಿದ್ದರು, ಪರೀಕ್ಷೆ ಲಭ್ಯವಾದ ಮೇಲೆ ಮತ್ತೆ ಮಕ್ಕಳನ್ನು ಪಡೆಯತೊಡಗಿದರು. ಪರೀಕ್ಷೆ ಅಲ್ಲಿ ತೊಟ್ಟಿಲುಗಳನ್ನು ತುಂಬಿಸಿತು. ಇನ್ನೊಂದು, ತಡೆ ಮತ್ತು ಆರೈಕೆ ಜೊತೆಗೇ ನಡೆಯಬೇಕು. ಇಟಲಿಯ ಸಾರ್ಡೀನಿಯದಲ್ಲಿ ಆಂಟೋನಿಯೋ ಕಾವೋ ಅವರ ಮುಂದಾಳತ್ವದಲ್ಲಿ 1970ರ ದಶಕದಲ್ಲಿ ಶುರುವಾದ ಕಾರ್ಯಕ್ರಮದಿಂದ, 250 ಹೆರಿಗೆಗೆ ಒಂದರಂತೆ ಹುಟ್ಟುತ್ತಿದ್ದ ಥಲಸೀಮಿಯ ಮಗು ಸುಮಾರು 4,000ಕ್ಕೆ ಒಂದಾಯಿತು. ಅದು ಸಾಧ್ಯವಾದದ್ದು ಜನರಿಗೆ ತಿಳಿಹೇಳುವುದು, ವಾಹಕರ ಪತ್ತೆ, ಆಪ್ತಸಮಾಲೋಚನೆ, ರೋಗಿಗಳ ಚಿಕಿತ್ಸೆ ಎಲ್ಲವೂ ಒಟ್ಟಿಗೆ ನಡೆದಾಗ. ರಕ್ತವೂ ಔಷಧಿಯೂ ಸಿಗದೆ ಮಕ್ಕಳು ಪರದಾಡುವ ಊರಿನಲ್ಲಿ ದಂಪತಿಗೆ ಆಯ್ಕೆ ಇದೆ ಎನ್ನುವುದು ಅರ್ಧ ಸತ್ಯ.

ಇದರ ಜೊತೆಗೆ ನಮ್ಮ ಸಮಾಜದ್ದೇ ಆದ ಭಯಗಳೂ ಇವೆ. ವಾಹಕಳೆಂದು ತಿಳಿದರೆ ಹೆಣ್ಣಿಗೆ ಸಂಬಂಧ ಕೂಡಿಬರುವುದಿಲ್ಲ, ಕಾಯಿಲೆಯ ಮಗು ಹುಟ್ಟಿದರೆ ಸೊಸೆಯ ತವರಿನ ಮೇಲೆ ದೂರು ಬರುತ್ತದೆ. ಜೀನಿನ ಗಣಿತ ಈ ದೂರನ್ನು ಸುಳ್ಳು ಮಾಡುತ್ತದೆ: ಅಪ್ಪನ ಪಾಲಿಲ್ಲದೆ ಈ ಕಾಯಿಲೆ ಮಗುವಿಗೆ ಬರುವುದೇ ಇಲ್ಲ. ಭ್ರೂಣಪರೀಕ್ಷೆ ಎಂದೊಡನೆ ಲಿಂಗಪತ್ತೆಯ ನೆನಪಾಗಿ ಹೆದರುವವರಿಗೆ ಒಂದು ಮಾತು: 1994ರ ಕಾಯ್ದೆ ಲಿಂಗ ತಿಳಿಸುವುದನ್ನು ಅಪರಾಧವೆಂದಿದೆ, ಅದೇ ಕಾಯ್ದೆ ಹಿಮೋಗ್ಲೋಬಿನ್ ಕಾಯಿಲೆಗಳ ಪತ್ತೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶವನ್ನೂ ಕೊಟ್ಟಿದೆ. ಎರಡನ್ನೂ ಒಂದೇ ಎಂದು ತಿಳಿದು ಅಗತ್ಯವಿದ್ದವರನ್ನು ಹಿಂದೆ ಕಳಿಸಿದರೆ ಕಾನೂನಿನ ಆಶಯಕ್ಕೇ ಅನ್ಯಾಯ.

ಹಾಗಾಗಿ ನನ್ನ ಬೇಡಿಕೆ ತಾಯಿ ಕಾರ್ಡಿನಷ್ಟೇ ಸಣ್ಣದು. ಹಿಮೋಗ್ಲೋಬಿನ್ನಿನ ಸಾಲಿನ ಪಕ್ಕದಲ್ಲಿ ಕಣದ ಗಾತ್ರ, ಕಣಗಳ ಸಂಖ್ಯೆ ಬರೆಯಲು ಎರಡು ಮನೆಗಳಿರಲಿ. ಹಿಮೋಗ್ಲೋಬಿನ್ ಬಗೆಗಳ ಪರೀಕ್ಷೆ ಆಯಿತೇ, ಗಂಡನ ರಕ್ತ ನೋಡಿದರೇ ಎಂದು ಕೇಳುವ ಒಂದು ಸಾಲಿರಲಿ. ಸಾಧ್ಯವಾದರೆ ಈ ಪ್ರಶ್ನೆಗಳು ಕಾಲೇಜಿನಲ್ಲಿ, ಮದುವೆಗೆ ಮುಂಚೆ, ಹುಡುಗ–ಹುಡುಗಿ ಇಬ್ಬರಿಗೂ ಬರಲಿ. ಆಗದಿದ್ದರೆ ಬಸಿರಿನ ಮೊದಲ ಭೇಟಿಯಲ್ಲಾದರೂ ಬರಲಿ. ‘ರಕ್ತ ಕಮ್ಮಿ ಇದೆ’ ಎಂದು ಯಾರಾದರೂ ಹೇಳಿದಾಗ, ಈ ಸಭೆಯಿಂದ ಹೋದ ನೀವು ‘ಏನು ಕಮ್ಮಿ?’ ಎಂದು ಅಂದೇ ಕೇಳಿ. ಹತ್ತನೆಯ ವಾರದಲ್ಲಿ ಕೇಳಿದ ಆ ಪ್ರಶ್ನೆಗೆ ದಾರಿಗಳಿವೆ. ಇಪ್ಪತ್ತನೆಯ ವಾರದಲ್ಲಿ ಕೇಳಿದರೆ ಅವುಗಳಲ್ಲಿ ಹಲವು ಮುಚ್ಚಿರುತ್ತವೆ.